ಎರಡು ಕಿಲೋಮೀಟರ್ ಹಗ್ಗದ ಈ ತುದಿ

"ಸಂಶೋಧನಾ ಹಡಗಿಗೆ ಹೋಗ್ಬೇಕಂದ್ರೆ ಎಂ.ಎಸ್ಸಿ. ಆಗ್ಲೇಬೇಕಾ ಸರ್?" ಕಾರವಾರದ ಬೈತಖೋಲ್ ಬಂದರಿನಲ್ಲಿ ಹುಡುಗನೊಬ್ಬ ಕೇಳಿದ. ಅವನ ಅಪ್ಪ ದೊಡ್ಡ ಬಲೆ ಬೀಸುವ ಪರ್ಸೀನ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವ ಮುಂದಾಳು. ಅದೇ ಊರಿನ ಕೋಡಿಬಾಗದಲ್ಲೇ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಪಕ್ಕದ ಗೋವಾದಲ್ಲಿ 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ. ಇಷ್ಟಿದ್ದೂ ಕಡಲ ವಿಜ್ಞಾನವೆಂದರೆ ಬಿಳಿ ಕೋಟಿನವರ ಕೆಲಸ, ಉಳಿದವರು ಅವರನ್ನು ಹೊತ್ತೊಯ್ಯುವ ಡ್ರೈವರುಗಳು ಎಂಬ ನಂಬಿಕೆ ಹೋಗಿಲ್ಲ. ಕಡಲನ್ನೇ ಉಂಡು ಬೆಳೆದ ಮಕ್ಕಳು ಇದನ್ನು ನಂಬಿ ಹಿಂದೆ ಸರಿಯುತ್ತಾರಲ್ಲ, ಅದು ನನ್ನ ಸಂಕಟ.

ಕಡಲ ಸಂಶೋಧನೆಗೆಂದು 1872ರಲ್ಲಿ ಹೊರಟು ಮೂರೂವರೆ ವರ್ಷ ಭೂಮಿ ಸುತ್ತಿದ ಬ್ರಿಟನ್ನಿನ ಚಾಲೆಂಜರ್ ಹಡಗನ್ನೇ ನೋಡಿ. ಹೊರಟಾಗ ಅದರಲ್ಲಿದ್ದವರು ಸುಮಾರು 240 ಜನ. ವಿಜ್ಞಾನದ ತಂಡ ಬರೀ ಆರು ಮಂದಿ, ಅದರಲ್ಲೂ ಒಬ್ಬ ಚಿತ್ರಕಾರ. ಯಾನದ ಮೊದಲ ತಿಂಗಳುಗಳಲ್ಲೇ ತಳ ಕೆರೆಯುವ ಹಗ್ಗದ ರಾಟೆ ಕಿತ್ತು ಬಡಿದು ಎಳೆಯ ನಾವಿಕನೊಬ್ಬ ಸತ್ತ. ಆಳದ ಕಡಲಿನ ಬಗ್ಗೆ ನಮಗಿರುವ ತಿಳಿವಳಿಕೆಯ ಬುನಾದಿಯಲ್ಲಿ ಆ ಹುಡುಗನೂ ಇದ್ದಾನೆ.

ಹಡಗಿನಲ್ಲಿ ಡೆಕ್, ಎಂಜಿನ್, ಅಡುಗೆ, ವಿಜ್ಞಾನ ಎಂದು ವಿಭಾಗಗಳಿರುತ್ತವೆ. ಎಲ್ಲಿ ನಿಲ್ಲಬೇಕು, ಏನು ಅಳೆಯಬೇಕು ಎನ್ನುವುದು ಮುಖ್ಯ ವಿಜ್ಞಾನಿಯ ತೀರ್ಮಾನ. ಗಾಳಿ ಎದ್ದಿದೆ, ಇವತ್ತು ಬೇಡ ಎಂದು ಕ್ಯಾಪ್ಟನ್ ಹೇಳಿದರೆ ಅದರ ಮೇಲೆ ಮಾತಿಲ್ಲ. ಡೆಕ್ಕಿನ ಕೆಲಸಗಾರರಿಗೆ ಮುಂದಾಳು ಬೋಸನ್. ಭಾರತೀಯ ನಾವಿಕರು ದುಡಿಯುತ್ತಿದ್ದ ಹಳೆಯ ಹಡಗುಗಳಲ್ಲಿ ಅವನನ್ನು ಸಾರಂಗ ಎನ್ನುತ್ತಿದ್ದರು, ಅಡುಗೆಯವನನ್ನು ಭಂಡಾರಿ ಎನ್ನುತ್ತಿದ್ದರು. ಸಾರಂಗನ ಕೈಕೆಳಗಿನವನನ್ನು ಇಂಗ್ಲಿಷರು ತಿಂಡಲ್ ಎಂದು ಬರೆದುಕೊಂಡರು. ನಮ್ಮ ತಾಂಡೇಲನೇ ಅವನು! ಬೈತಖೋಲಿನ ಆ ಹುಡುಗನಿಗೆ ಇದನ್ನು ಹೇಳಿದಾಗ ಅವನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಈಗ ನನಗೆ ಅತ್ಯಂತ ಪ್ರಿಯವಾದ ಕೆಲಸಕ್ಕೆ ಬರುತ್ತೇನೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150 ಮೀಟರಿನಿಂದ ಸಾವಿರ ಮೀಟರ್ ಆಳದವರೆಗೆ ಆಮ್ಲಜನಕ ತೀರಾ ಕಡಿಮೆ. ಮಳೆಗಾಲದಲ್ಲಿ ಆಮ್ಲಜನಕ ಬಡವಾದ ನೀರು ಕೆಳಗಿನಿಂದ ಮೇಲೆದ್ದು ನಮ್ಮ ಕರಾವಳಿಯ ಹತ್ತಿರಕ್ಕೂ ಬರುತ್ತದೆ. ಮೀನಿಗೆ ಅಲ್ಲಿ ಉಸಿರುಕಟ್ಟುತ್ತದೆ. ಇದನ್ನು ಅಳೆಯಲು ಸಿಟಿಡಿ ಎಂಬ ಉಪಕರಣವನ್ನು ತಂತಿಹಗ್ಗಕ್ಕೆ ಕಟ್ಟಿ ಇಳಿಸುತ್ತಾರೆ. ಲವಣಾಂಶ, ಉಷ್ಣತೆ, ಆಳ ತಿಳಿಸುವ ಸಂವೇದಕಗಳು, ಸುತ್ತಲೂ ನೀರು ಹಿಡಿಯುವ ಬಾಟಲಿಗಳು. ನಿಮಿಷಕ್ಕೆ ಸುಮಾರು 60 ಮೀಟರ್ ವೇಗದಲ್ಲಿ ಇಳಿದರೆ ಎರಡು ಕಿಲೋಮೀಟರ್ ಮುಟ್ಟಲು ಅರ್ಧ ತಾಸಿಗೂ ಹೆಚ್ಚು.

ಬಾವಿಗೆ ಕೊಡಪಾನ ಬಿಟ್ಟಂತೆ ಅಲ್ಲವೇ ಎನ್ನಬಹುದು. ಹೌದು, ಬಾವಿಕಟ್ಟೆಯೇ ಉಯ್ಯಾಲೆಯಾದರೆ ಹಾಗೆ. ಅದಕ್ಕಿಂತ ಶಿರಸಿಯ ತೋಟದ ಕೊನೆಕೊಯ್ಲು ನೆನೆಸಿಕೊಳ್ಳಿ. ಮರದ ಮೇಲೆ ಕೊನೆಗೌಡ ಅಡಿಕೆ ಗೊನೆ ಕೊಯ್ದು ಹಗ್ಗಕ್ಕೆ ಬಿಡುತ್ತಾನೆ, ಕೆಳಗಿನವನು ಹಗ್ಗವನ್ನು ಹದವಾಗಿ ಬಿಗಿಹಿಡಿದು ಬರಮಾಡಿಕೊಳ್ಳುತ್ತಾನೆ. ಅವನ ಕೈ ಸಡಿಲವಾದರೆ ಅಡಿಕೆ ನೆಲದ ಪಾಲು. ಹಗ್ಗವನ್ನು ಬಿಡುವ, ಸುತ್ತುವ ಯಂತ್ರವಾದ ವಿಂಚ್ ನಡೆಸುವವನ ಕೆಲಸವೂ ಹದದ್ದೇ. ಅಲೆ ಹಡಗನ್ನು ಎತ್ತಿದಾಗ ತಂತಿಹಗ್ಗ ಸೆಟೆಯುತ್ತದೆ, ಅಲೆ ಕುಸಿದಾಗ ಸಡಿಲುತ್ತದೆ. ಸಡಿಲಿದ ಹಗ್ಗ ಸುತ್ತಿ ಗಂಟಾದರೆ ಮುಂದಿನ ಸೆಳೆತಕ್ಕೆ ತುಂಡಾಗಬಹುದು. ಹಗ್ಗದ ತೂಕವೇ ನೂರಾರು ಕಿಲೋ. ಅದರೊಳಗಿನ ತಂತಿಯಲ್ಲೇ ಮಾಹಿತಿಯೂ ಮೇಲೆ ಬರಬೇಕು.

ಅಷ್ಟು ಹೊತ್ತೂ ಹಡಗು ನಿಂತಲ್ಲೇ ನಿಲ್ಲಬೇಕು. ಆಳದಲ್ಲಿ ಲಂಗರು ಹಾಕಿ ಕೂರುವಂತಿಲ್ಲ. ಹಡಗು ನಡೆಸುವ ಕೋಣೆಯಾದ ಬ್ರಿಜ್‌ನಲ್ಲಿರುವ ಅಧಿಕಾರಿ ಗಾಳಿಗೆ ಮೂತಿಯೊಡ್ಡಿ, ಪಕ್ಕಕ್ಕೆ ತಳ್ಳುವ ಥ್ರಸ್ಟರುಗಳಿಂದ ಹಡಗನ್ನು ಹಿಡಿದಿಡುತ್ತಾನೆ. ಹಡಗು ಹಗ್ಗದ ಮೇಲೆ ತೇಲಿಹೋದರೆ ಆ ಹಗ್ಗ ಪ್ರೊಪೆಲರಿಗೆ ಸಿಗಬಹುದು. ಥ್ರಸ್ಟರಿಗೂ ವಿಂಚಿಗೂ ಶಕ್ತಿ ಬರುವುದು ಎಂಜಿನಿಯರುಗಳು ಕಾಯುವ ಎಂಜಿನ್ ಕೋಣೆಯಿಂದ. ಅಲ್ಲಿ ನಾಲ್ಕು ತಾಸು ಕೆಲಸ, ಎಂಟು ತಾಸು ಬಿಡುವು, ಹಗಲು ರಾತ್ರಿ ಭೇದವಿಲ್ಲದೆ.

ಅಡುಗೆಯವರನ್ನು ಮರೆತೇ ಎಂದುಕೊಂಡಿರಾ? ನೀರಿನ ಮಾದರಿ ತೆಗೆಯುವಾಗ ಅಡುಗೆಮನೆಯ ಕೊಳೆನೀರನ್ನು ಕಡಲಿಗೆ ಬಿಡುವಂತಿಲ್ಲ. ಪಾತ್ರೆ ತೊಳೆದ ನೀರು ಮಾದರಿಗೆ ಸೇರಿದರೆ ಇಷ್ಟೆಲ್ಲ ದುಡಿಮೆ ನಷ್ಟ.

ಹಗ್ಗ ಮೇಲೇರುವಾಗ ಪ್ರಯೋಗಾಲಯದಿಂದ ಒಂದೊಂದೇ ಬಾಟಲಿ ಮುಚ್ಚಿಸುತ್ತಾರೆ. ಬೋಸನ್ ಮತ್ತವನ ಜನ ಕೊಕ್ಕೆಗೋಲಿನಿಂದ ಬಾಟಲಿಗಳ ಚೌಕಟ್ಟನ್ನು ಹಿಡಿದು ಡೆಕ್ಕಿಗೆ ಇಳಿಸಿಕೊಳ್ಳುತ್ತಾರೆ. ಗಾಳಿ ತಾಗಿ ಲೆಕ್ಕ ಕೆಡುವ ಮೊದಲೇ ಆಮ್ಲಜನಕದ ಮಾದರಿಯನ್ನು ತುಂಬಿಕೊಳ್ಳಬೇಕು, ಗುಳ್ಳೆಯೊಂದೂ ಉಳಿಯಬಾರದು. ಅದಾದ ಮೇಲೆ ಅಡುಗೆಮನೆಗೆ ಫೋನ್ ಹೋಗುತ್ತದೆ: ಇನ್ನು ನೀರು ಬಿಡಬಹುದು.