ಬೇರ್ಪಡಿಸಿದ್ದಾಯಿತು, ಹಿಡಿಯುವುದು ಹೇಗೆ?

ಸೂಪರ್‌ಕ್ರಿಟಿಕಲ್ ಫ್ಲೂಯಿಡ್ ಕ್ರೊಮ್ಯಾಟೋಗ್ರಫಿ (ಒತ್ತಿಟ್ಟ ಕಾರ್ಬನ್ ಡೈ ಆಕ್ಸೈಡ್ ಹರಿಸಿ ಮಿಶ್ರಣದ ವಸ್ತುಗಳನ್ನು ಬೇರ್ಪಡಿಸುವ ವಿಧಾನ) ಅಂದ ಕೂಡಲೇ ಎಲ್ಲರೂ ಹೇಳುವ ಮಾತೊಂದಿದೆ. ಕೊನೆಗೆ ಒತ್ತಡ ಇಳಿಸಿದರೆ ಸಾಕು, ಕಾರ್ಬನ್ ಡೈ ಆಕ್ಸೈಡ್ ಹಾರಿಹೋಗುತ್ತದೆ, ಬೇಕಾದ ವಸ್ತು ಶುದ್ಧವಾಗಿ ಕೈಗೆ ಸಿಗುತ್ತದೆ ಅಂತ. ಹಾರಿಹೋಗುವುದು ನಿಜ. ಕೈಗೆ ಸಿಗುವುದು ಮಾತ್ರ ಸುಮ್ನೆ ಆಗುವ ಕೆಲಸವಲ್ಲ. ಹೋಗುವ ಅನಿಲ ನಿಮ್ಮ ವಸ್ತುವನ್ನೂ ಎಳೆದುಕೊಂಡೇ ಹೋಗಲು ನೋಡುತ್ತದೆ. ಅದನ್ನು ತಡೆದು ಬಾಟಲಿಗೆ ಇಳಿಸಲು ಎಂಜಿನಿಯರುಗಳು ದಶಕಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ಈ ಇಡೀ ತಂತ್ರದಲ್ಲಿ ನನಗೆ ತುಂಬ ಇಷ್ಟವಾದ ಭಾಗವೂ ಅದೇ. ಅದರ ಬಗ್ಗೆ ಬರೆಯುವವರು ಕಡಿಮೆ.

ಮೊದಲು ಸ್ವಲ್ಪ ಹಳೆಯ ಕಥೆ. 1822ರಲ್ಲಿ ಫ್ರಾನ್ಸಿನ ಶಾರ್ಲ್ ಕಾನ್ಯಾರ್ ದ ಲಾ ತೂರ್ ಬಂದೂಕಿನ ನಳಿಗೆಯೊಳಗೆ ದ್ರವ ಹಾಕಿ, ಜೊತೆಗೊಂದು ಕಲ್ಲಿನ ಗುಂಡು ಇಟ್ಟು, ಬಾಯಿ ಭದ್ರವಾಗಿ ಮುಚ್ಚಿ ಕಾಯಿಸಿದ. ನಳಿಗೆಯನ್ನು ಆಚೀಚೆ ಹೊರಳಿಸಿದರೆ ಗುಂಡು ದ್ರವಕ್ಕೆ ಬಡಿಯುವ ಸದ್ದು ಕೇಳಬೇಕು. ಒಂದು ಬಿಸಿ ದಾಟಿದ ಮೇಲೆ ಆ ಸದ್ದು ನಿಂತೇಹೋಯಿತು. ಒಳಗೆ ದ್ರವದ ಮೇಲ್ಮೈ ಅನ್ನುವುದೇ ಇರಲಿಲ್ಲ. ಇದೇ ಮನುಷ್ಯ 1819ರಲ್ಲಿ ಸೈರನ್ ಮಾಡಿದವನು, ಸದ್ದಿನಲ್ಲಿ ಪಳಗಿದ ಕಿವಿ ಅವನದು. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಕಂಡುಹಿಡಿದ ಇಂಥ ಪ್ರಯೋಗ ವಿಜ್ಞಾನದಲ್ಲಿ ಅಪರೂಪ.

ಬೆಲ್‌ಫಾಸ್ಟ್‌ನ ಥಾಮಸ್ ಆಂಡ್ರ್ಯೂಸ್ 1869ರಲ್ಲಿ ಇದಕ್ಕೆ ಅಂಕಿ ಕೊಟ್ಟ. ಕಾರ್ಬನ್ ಡೈ ಆಕ್ಸೈಡ್ ಸುಮಾರು 31 ಡಿಗ್ರಿ ದಾಟಿದರೆ ಎಷ್ಟು ಒತ್ತಿದರೂ ದ್ರವವಾಗಿ ಬೇರೆ ನಿಲ್ಲುವುದಿಲ್ಲ. ಆ ಗಡಿಯಲ್ಲಿ ಒತ್ತಡ ಸುಮಾರು 74 ಬಾರ್. ಇದಕ್ಕೆ 'ಕ್ರಿಟಿಕಲ್ ಪಾಯಿಂಟ್' ಎಂದು ಹೆಸರಿಟ್ಟವನೂ ಅವನೇ. ಅದನ್ನು ದಾಟಿದ ಸ್ಥಿತಿಯೇ ಸೂಪರ್‌ಕ್ರಿಟಿಕಲ್. ಅವನು ಒತ್ತಿ ಹೇಳಿದ್ದು ಇನ್ನೊಂದು ಮಾತು: ಅನಿಲ ಮತ್ತು ದ್ರವದ ನಡುವೆ ಗೋಡೆ ಇಲ್ಲ, ಒಂದರಿಂದ ಇನ್ನೊಂದಕ್ಕೆ ಎಲ್ಲೂ ಮುರಿಯದೆ ಹೋಗಬಹುದು. ಇಂದು ಕೆಲವರು ಸೂಪರ್‌ಕ್ರಿಟಿಕಲ್ ಅಂದರೆ 'ವಸ್ತುವಿನ ನಾಲ್ಕನೆಯ ಸ್ಥಿತಿ', ಅದರಲ್ಲೇನೋ ಗುಪ್ತ ಶಕ್ತಿ ಇದೆ ಎಂದೆಲ್ಲ ಬರೆಯುತ್ತಾರೆ. ಆಂಡ್ರ್ಯೂಸ್ ಹೇಳಿದ್ದು ಇದಕ್ಕೆ ತದ್ವಿರುದ್ಧ.

ನಿಜವಾದ ಸ್ವಾರಸ್ಯ ಇರುವುದು ಸಾಂದ್ರತೆಯಲ್ಲಿ. 40 ಡಿಗ್ರಿಯಲ್ಲಿ 80 ಬಾರ್ ಒತ್ತಡಕ್ಕೆ ಕಾರ್ಬನ್ ಡೈ ಆಕ್ಸೈಡ್‌ನ ಸಾಂದ್ರತೆ ಮಿಲಿಲೀಟರಿಗೆ 0.28 ಗ್ರಾಂ. 100 ಬಾರ್‌ಗೆ ಏರಿಸಿದರೆ 0.63. ಕೇವಲ 20 ಬಾರ್ ಜಾಸ್ತಿ ಮಾಡಿದ್ದಕ್ಕೆ ಎರಡು ಪಟ್ಟಿಗೂ ಮೀರಿ! ಅಲ್ಲಿಂದ 150 ಬಾರ್‌ಗೆ ಹೋದರೆ 0.78 ಅಷ್ಟೇ. ಸಾಂದ್ರತೆ ಏರಿದಷ್ಟೂ ಕರಗಿಸುವ ಶಕ್ತಿ ಏರುತ್ತದೆ, ಇಳಿದರೆ ಅದೂ ಇಳಿಯುತ್ತದೆ. 1879ರಲ್ಲಿ ಹ್ಯಾನೆ ಮತ್ತು ಹೋಗಾರ್ತ್ ಎಂಬಿಬ್ಬರು ಕ್ರಿಟಿಕಲ್ ಬಿಸಿ ದಾಟಿದ ಆಲ್ಕೋಹಾಲ್‌ನಲ್ಲಿ ಕೋಬಾಲ್ಟ್ ಕ್ಲೋರೈಡ್ ಕರಗಿಸಿ ತೋರಿಸಿದರು. ಒತ್ತಡ ತಟ್ಟನೆ ಇಳಿಸಿದರೆ ಕರಗಿದ ಲವಣ ಹಿಮದ ಹಾಗೆ ಉದುರುತ್ತದೆ, ಇಲ್ಲವೇ ಗಾಜಿನ ಮೇಲೆ ಕೂರುತ್ತದೆ ಎಂದೂ ಬರೆದರು. ಉದುರಿದ್ದು ಎಲ್ಲಿ ಹೋಗಿ ಕೂರುತ್ತದೆ ಅನ್ನುವ ನಮ್ಮ ಪ್ರಶ್ನೆ ಆಗಲೇ ಹುಟ್ಟಿತ್ತು ನೋಡಿ. (ಮುಂದೆ ಇದೇ ಹ್ಯಾನೆ ಪ್ರಯೋಗಾಲಯದಲ್ಲಿ ವಜ್ರ ಮಾಡಿದೆ ಎಂದು ಸಾರಿದ. ಆ ಮಾತು ನಿಲ್ಲಲಿಲ್ಲ, ಈ ಪ್ರಯೋಗ ನಿಂತಿತು.)

ಕ್ರೊಮ್ಯಾಟೋಗ್ರಫಿಗೆ ಇದು ಬಂದದ್ದು 1962ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಅರ್ನ್ಸ್ಟ್ ಕ್ಲೆಸ್ಪರ್ ಮತ್ತು ಜೊತೆಗಾರರು ಪಾರ್ಫಿರಿನ್‌ಗಳನ್ನು ಬೇರ್ಪಡಿಸಬೇಕಿತ್ತು. ನಮ್ಮ ರಕ್ತದ ಕೆಂಪು, ಎಲೆಯ ಹಸಿರು ಎರಡಕ್ಕೂ ಕಾರಣವಾದ ಅಣುಗಳ ಬಳಗ ಅದು. ವಸ್ತುವನ್ನು ಆವಿ ಮಾಡಿ ಬೇರ್ಪಡಿಸುವ ಗ್ಯಾಸ್ ಕ್ರೊಮ್ಯಾಟೋಗ್ರಫಿಗೆ ಬೇಕಾದಷ್ಟು ಕಾಯಿಸಿದರೆ ಅವು ಕೆಟ್ಟುಹೋಗುತ್ತವೆ. ಅದಕ್ಕೆ ಅವರು ಫ್ರಿಯಾನ್ ಅನಿಲಗಳನ್ನು ಕ್ರಿಟಿಕಲ್ ತಾಪಮಾನದ ಮೇಲೆ ಒತ್ತಿ ಹಿಡಿದು ಕಾಲಮ್‌ನಲ್ಲಿ, ಅಂದರೆ ಬೇರ್ಪಡಿಕೆ ನಡೆಯುವ ಕೊಳವೆಯಲ್ಲಿ, ಹರಿಸಿದರು. 1980ರ ದಶಕದಲ್ಲಿ ಕೂದಲೆಳೆಯಂಥ ಕೊಳವೆಗಳು, ಶುದ್ಧ ಕಾರ್ಬನ್ ಡೈ ಆಕ್ಸೈಡ್, ಒತ್ತಡವನ್ನೇ ಏರಿಸಿ ಇಳಿಸುವ ವಿಧಾನ ಎಲ್ಲ ಬಂದವು. ಕಡೆಗೆ ಗೆದ್ದದ್ದು ಪುಡಿ ತುಂಬಿದ ಸಾಮಾನ್ಯ ಕಾಲಮ್, ಮತ್ತು ಕಾರ್ಬನ್ ಡೈ ಆಕ್ಸೈಡ್‌ಗೆ ಬೆರೆಸಿದ ಮೆಥನಾಲ್ ಎಂಬ ಆಲ್ಕೋಹಾಲ್. ಯಾಕೆಂದರೆ ಕಾರ್ಬನ್ ಡೈ ಆಕ್ಸೈಡ್ ಒಂಟಿಯಾಗಿ ಹೆಚ್ಚುಕಡಿಮೆ ಹೆಕ್ಸೇನ್ ಎಂಬ ಪೆಟ್ರೋಲಿನಂಥ ದ್ರವದ ಹಾಗೆ ನಡೆದುಕೊಳ್ಳುತ್ತದೆ, ಔಷಧದ ಅಣುಗಳು ಅದರಲ್ಲಿ ಸರಿಯಾಗಿ ಕರಗುವುದಿಲ್ಲ.

ಇಲ್ಲೊಂದು ಸಂಗತಿ ಬಹಳ ಜನರಿಗೆ ಗೊತ್ತಿರುವುದಿಲ್ಲ. ಶೇಕಡಾ 20ರಷ್ಟು ಮೆಥನಾಲ್ ಬೆರೆತ ಮೇಲೆ ಆ ಮಿಶ್ರಣದ ಕ್ರಿಟಿಕಲ್ ತಾಪಮಾನ 40 ಡಿಗ್ರಿಗಿಂತ ಮೇಲಕ್ಕೆ ಹೋಗಿಬಿಡುತ್ತದೆ. ಅಂದರೆ 40 ಡಿಗ್ರಿಯಲ್ಲಿ ನಡೆಯುವ ಎಷ್ಟೋ 'ಸೂಪರ್‌ಕ್ರಿಟಿಕಲ್' ಪ್ರಯೋಗಗಳು ಸೂಪರ್‌ಕ್ರಿಟಿಕಲ್ ಅಲ್ಲವೇ ಅಲ್ಲ, ಒತ್ತಿಟ್ಟ ದ್ರವ ಅಷ್ಟೇ. ಕೆಲಸಕ್ಕೇನೂ ಅಡ್ಡಿಯಿಲ್ಲ. ನೀರಿಗಿಂತ ಎಷ್ಟೋ ಸಲೀಸಾಗಿ ಹರಿಯುತ್ತದೆ, ಅಣುಗಳು ಅದರಲ್ಲಿ ಬೇಗ ಓಡಾಡುತ್ತವೆ, ಹಾಗಾಗಿ ಬೇರ್ಪಡಿಕೆ ಚುರುಕು. ಗೋಡೆ ಇಲ್ಲ ಅಂದ ಆಂಡ್ರ್ಯೂಸ್ ಮಾತು ಇಲ್ಲಿ ದಿನಾ ನಿಜವಾಗುತ್ತಿದೆ.

ಇನ್ನು ಯಂತ್ರ. ಸಿಲಿಂಡರಿನ ಒಳಗೆ ತಳದವರೆಗೆ ಇಳಿದ ಕೊಳವೆ ಇರಬೇಕು, ಇಲ್ಲದಿದ್ದರೆ ದ್ರವದ ಬದಲು ಮೇಲಿನ ಅನಿಲ ಬರುತ್ತದೆ. ಪಂಪಿನ ತಲೆಯನ್ನು ಸುಮಾರು 5 ಡಿಗ್ರಿಗೆ ತಣ್ಣಗಿಡುತ್ತಾರೆ. ದ್ರವರೂಪದ ಕಾರ್ಬನ್ ಡೈ ಆಕ್ಸೈಡ್ ನೀರಿನಂತಲ್ಲ, ಒತ್ತಿದರೆ ಕುಗ್ಗುತ್ತದೆ, ಕುಗ್ಗುವಾಗ ಬಿಸಿಯಾಗುತ್ತದೆ, ಬಿಸಿಯಾದರೆ ಗುಳ್ಳೆ ಏಳುತ್ತದೆ, ಗುಳ್ಳೆ ಎದ್ದರೆ ಹರಿವಿನ ಲೆಕ್ಕವೆಲ್ಲ ತಪ್ಪುತ್ತದೆ. ಮೆಥನಾಲ್‌ಗೆ ಇನ್ನೊಂದು ಪಂಪ್. ಎರಡೂ ಬೆರೆತು, ಸ್ಯಾಂಪಲ್ ಸೇರಿ, ಒವೆನ್‌ನೊಳಗಿನ ಕಾಲಮ್ ದಾಟಿ, ಒತ್ತಡ ತಡೆಯುವ ಕಿಟಕಿಯಿರುವ, ಅಣುಗಳು ಹಾದುಹೋಗುವುದನ್ನು ಬೆಳಕಿನಿಂದ ಗುರುತಿಸುವ ಯುವಿ ಡಿಟೆಕ್ಟರ್‌ಗೆ ಬರುತ್ತವೆ. ಅದಾದ ಮೇಲೆ ಬ್ಯಾಕ್ ಪ್ರೆಶರ್ ರೆಗ್ಯುಲೇಟರ್, ಲ್ಯಾಬಿನವರ ಬಾಯಲ್ಲಿ ಬಿಪಿಆರ್. ಹಿಂದಿನ ಇಡೀ ದಾರಿಯನ್ನು 100-150 ಬಾರ್‌ನಲ್ಲಿ ಹಿಡಿದಿಡುವ ಕವಾಟ ಇದು.

ಬಿಪಿಆರ್ ದಾಟಿದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ದೊಡ್ಡ ಯಂತ್ರವೊಂದರಲ್ಲಿ ನಿಮಿಷಕ್ಕೆ 80 ಮಿಲಿಲೀಟರ್ ಕಾರ್ಬನ್ ಡೈ ಆಕ್ಸೈಡ್, 20 ಮಿಲಿಲೀಟರ್ ಮೆಥನಾಲ್ ಹರಿಯುತ್ತಿದೆ ಅನ್ನಿ. ತಣ್ಣನೆಯ ಪಂಪಿನಲ್ಲಿ ಆ 80 ಮಿಲಿಲೀಟರ್ ತೂಗುವುದು 70 ಗ್ರಾಂಗೂ ಜಾಸ್ತಿ. ಒತ್ತಡ ಇಳಿದಾಗ ಅದು ಸುಮಾರು 40 ಲೀಟರ್ ಅನಿಲವಾಗುತ್ತದೆ, ಅಂದರೆ 500 ಪಟ್ಟು ಹಿಗ್ಗುತ್ತದೆ. ಈ 40 ಲೀಟರ್ ಒಂದೇ ನಿಮಿಷದಲ್ಲಿ 2 ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಹೊರಬೀಳಬೇಕಾದರೆ ವೇಗ ಸೆಕೆಂಡಿಗೆ 200 ಮೀಟರ್ ದಾಟುತ್ತದೆ. ಅದರ ನಡುವೆ ಬರೀ 20 ಮಿಲಿಲೀಟರ್ ಮೆಥನಾಲ್, ಅದರಲ್ಲಿ ಕರಗಿರುವ ನಿಮ್ಮ ವಸ್ತು. ಆ ಬಿರುಸಿಗೆ ಮೆಥನಾಲ್ ಹರಿಯುವುದಿಲ್ಲ, ಮಂಜಾಗಿ ಸಿಡಿಯುತ್ತದೆ. ಕುಕ್ಕರ್ ಸೀಟಿ ಹೊಡೆದಾಗ ಬರೀ ಹಬೆ ಬರುತ್ತದೆಯೇ? ಗಂಜಿಯೂ ಹನಿಹನಿಯಾಗಿ ಎದ್ದು ಗೋಡೆಗೆ ಹಾರುತ್ತದೆ. ಇಲ್ಲಿ ಗೋಡೆಗೆ ಹಾರುವುದು ತಿಂಗಳುಗಟ್ಟಲೆ ಶ್ರಮಪಟ್ಟು ಮಾಡಿದ ಔಷಧದ ಅಣು.

ಹಿಗ್ಗುವ ಅನಿಲ ಶಾಖವನ್ನೂ ಎಳೆದುಕೊಳ್ಳುತ್ತದೆ. ಕಾಯಿಸದೆ ಬಿಟ್ಟರೆ ಕೊಳವೆಯೊಳಗೆ ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈ ಆಕ್ಸೈಡ್) ಕಟ್ಟಬಹುದು. ಹೊರಗೆ ಕೋಣೆಯ ತೇವ ಬೆಳ್ಳಗೆ ಹೆಪ್ಪುಗಟ್ಟಿ ಕೂರುತ್ತದೆ. ಹಾಗಾಗಿ ಬಿಪಿಆರ್ ಅನ್ನು ಸಾಮಾನ್ಯವಾಗಿ 60 ಡಿಗ್ರಿಯ ಆಸುಪಾಸಿಗೆ ಕಾಯಿಸುತ್ತಾರೆ. ಮೆಥನಾಲ್ ಬರೀ ಶೇಕಡಾ 5 ಇದ್ದರೆ ಇನ್ನೊಂದು ತಾಪತ್ರಯ. ಒತ್ತಿಟ್ಟ ಮಿಶ್ರಣದಲ್ಲಿ ಆರಾಮಾಗಿ ಕರಗಿದ್ದ ವಸ್ತುವಿಗೆ ಕಾರ್ಬನ್ ಡೈ ಆಕ್ಸೈಡ್ ಹೋದ ಮೇಲೆ ಉಳಿಯುವ ನಾಲ್ಕೈದು ಮಿಲಿಲೀಟರ್ ಮೆಥನಾಲ್ ಸಾಲುವುದಿಲ್ಲ. ಕೊಳವೆಯ ತುದಿಯಲ್ಲಿ ಬಿಳಿ ಹೆಕ್ಕಳೆ ಕಟ್ಟುತ್ತದೆ. ಮೊದಲು ಅಂಚಿಗೆ ತೆಳ್ಳಗೆ, ಆಮೇಲೆ ಒಳಗೊಳಗೇ ದಪ್ಪವಾಗಿ, ಒಮ್ಮೆ ಒತ್ತಡದ ಮುಳ್ಳು ಏರತೊಡಗಿದಾಗ ಗೊತ್ತಾಗುತ್ತದೆ ದಾರಿ ಮುಚ್ಚಿದೆ ಎಂದು. ಇದಕ್ಕೆ ಮದ್ದು ಇನ್ನೊಂದು ಪುಟ್ಟ ಪಂಪ್. ಬಿಪಿಆರ್ ಹತ್ತಿರ ಒಂದಿಷ್ಟು ಮೆಥನಾಲ್ ಹೆಚ್ಚಾಗಿ ಬಿಡುತ್ತದೆ, ಕೊಳವೆ ತೊಳೆಯುತ್ತಲೇ ಇರುತ್ತದೆ. ಮೇಕಪ್ ಪಂಪ್ ಅನ್ನುತ್ತಾರೆ.

ಮಂಜನ್ನು ಹಿಡಿಯುವ ಹಳೆಯ ಉಪಾಯ ಸೈಕ್ಲೋನ್. ಉರುಟು ಪಾತ್ರೆಯೊಂದರ ಗೋಡೆಗೆ ಒರಸಿಕೊಂಡು ಹೋಗುವಂತೆ ಹರಿವನ್ನು ಒಳಗೆ ಬಿಡುತ್ತಾರೆ. ಅದು ಗಿರಗಿರ ಸುತ್ತುತ್ತದೆ. ಭಾರದ ಹನಿಗಳು ಗೋಡೆಗೆ ಬಡಿದು ಕೂಡಿಕೊಂಡು ಕೆಳಗಿಳಿಯುತ್ತವೆ, ಹಗುರದ ಅನಿಲ ನಡುವಿನಿಂದ ಮೇಲೆ ಹೋಗುತ್ತದೆ. ಪಾತ್ರೆಯಲ್ಲಿ ಒತ್ತಡವನ್ನು ಪೂರ್ತಿ ಇಳಿಸದೆ ಒಂದಷ್ಟು ಉಳಿಸಿಕೊಂಡರೆ ಅನಿಲ ಅಷ್ಟಾಗಿ ಹಿಗ್ಗುವುದಿಲ್ಲ, ವೇಗ ತಗ್ಗುತ್ತದೆ, ಹನಿಗೆ ಗೋಡೆ ಸೇರಲು ಸಮಯ ಸಿಗುತ್ತದೆ. ಆದರೆ ಎಷ್ಟು ಸೈಕ್ಲೋನ್ ಇದೆಯೋ ಅಷ್ಟೇ ಫ್ರಾಕ್ಷನ್ (ಬೇರ್ಪಟ್ಟ ಪಾಲು) ಹಿಡಿಯಲು ಸಾಧ್ಯ. ಒಂದು ಸ್ಯಾಂಪಲ್ ಮುಗಿದ ಮೇಲೆ ಚೆನ್ನಾಗಿ ತೊಳೆಯದಿದ್ದರೆ ಹಿಂದಿನದು ಮುಂದಿನದಕ್ಕೆ ಬೆರೆಯುತ್ತದೆ. ಇನ್ನೊಂದು ದಾರಿಯಲ್ಲಿ ಅನಿಲದ ಬಹುಪಾಲನ್ನು ಸೆಪರೇಟರ್ ಎಂಬ, ಅನಿಲ ಮತ್ತು ದ್ರವವನ್ನು ಬೇರೆ ಮಾಡುವ ಭಾಗದಲ್ಲೇ ಹೊರಗೆ ಬಿಟ್ಟು, ಉಳಿದ ಮೆಥನಾಲನ್ನು ತೆರೆದ ಟ್ಯೂಬುಗಳಿಗೆ ಒಂದೊಂದಾಗಿ ಇಳಿಸುತ್ತಾರೆ. ಬೇಕಾದಷ್ಟು ಟ್ಯೂಬು ಜೋಡಿಸಬಹುದು. ಆದರೆ ಸೆಪರೇಟರ್‌ನ ಒಳಗೆ ಜಾಗ ಜಾಸ್ತಿ ಇದ್ದರೆ, ಕಾಲಮ್ ಅಷ್ಟು ಕಷ್ಟಪಟ್ಟು ಬೇರೆ ಮಾಡಿದ ಎರಡು ಪೀಕ್‌ಗಳು (ಡಿಟೆಕ್ಟರ್ ತೆರೆಯಲ್ಲಿ ಒಂದೊಂದು ವಸ್ತುವಿಗೆ ಏಳುವ ಏರುಗಳು) ಅಲ್ಲಿ ಮತ್ತೆ ಒಂದಾಗಿಬಿಡುತ್ತವೆ. ಡಿಟೆಕ್ಟರ್ ಕಂಡದ್ದು ಟ್ಯೂಬಿಗೆ ಬರಲು ಎಷ್ಟು ಸೆಕೆಂಡು ಬೇಕು ಅನ್ನುವುದನ್ನೂ ಮೊದಲೇ ಅಳೆದಿಟ್ಟುಕೊಂಡಿರಬೇಕು. ತೆರೆಯ ಮೇಲೆ ಪೀಕ್ ಎದ್ದ ಕ್ಷಣಕ್ಕೇ ಕವಾಟ ತಿರುಗಿಸಿದರೆ ಹಿಡಿಯುವುದು ಖಾಲಿ ಮೆಥನಾಲನ್ನು.

ಒತ್ತಡ ಇಳಿಸದೆಯೂ ಹಿಡಿಯಬಹುದು ಅನ್ನುವುದಕ್ಕೆ ಚಂದದ ಉದಾಹರಣೆ ಕಾಫಿ. ಜರ್ಮನಿಯ ಮ್ಯೂಲ್‌ಹೈಮ್‌ನಲ್ಲಿ ಕುರ್ಟ್ ತ್ಸೋಸೆಲ್ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈ ಆಕ್ಸೈಡ್‌ನಿಂದ ಕಾಫಿ ಬೀಜದ ಕೆಫೀನ್ ತೆಗೆಯುವ ವಿಧಾನ ರೂಪಿಸಿದ. ಅಲ್ಲಿ ಕೆಫೀನನ್ನು ನೀರಿನಿಂದ ತೊಳೆದು ತೆಗೆಯುತ್ತಾರೆ, ಕಾರ್ಬನ್ ಡೈ ಆಕ್ಸೈಡ್ ಅದೇ ಒತ್ತಡದಲ್ಲಿ ಸುತ್ತುತ್ತಲೇ ಇರುತ್ತದೆ. ಮಂಜಿನ ಗೋಳೇ ಇಲ್ಲ. ಆದರೆ ತೆಗೆಯಬೇಕಾದದ್ದು ಒಂದೇ ವಸ್ತು ಆದಾಗ ಮಾತ್ರ ಇದು ನಡೆಯುತ್ತದೆ. ಅರ್ಧ ನಿಮಿಷಕ್ಕೊಂದು ಹೊಸ ಅಣು ಹೊರಬರುವ ಕ್ರೊಮ್ಯಾಟೋಗ್ರಫಿಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ಪಾಡು ಯಾತಕ್ಕೆ? ಮುಖ್ಯವಾಗಿ ಕೈರಲ್ ಅಣುಗಳಿಗೆ. ಎಡಗೈ ಬಲಗೈಯಂತೆ ಒಂದು ಇನ್ನೊಂದರ ಕನ್ನಡಿ ಬಿಂಬವಾಗಿರುವ ಜೋಡಿಗಳು ಇವು. ಜಪಾನಿನ ಯೋಶಿಯೋ ಒಕಾಮೊಟೊ ಸೆಲ್ಯುಲೋಸ್ ಮತ್ತು ಅಮೈಲೋಸ್‌ನಿಂದ ಮಾಡಿದ ಕಾಲಮ್‌ಗಳು ಈ ಜೋಡಿಗಳನ್ನು ಬಿಡಿಸುತ್ತವೆ. ಇಲ್ಲಿ ತಪ್ಪದೆ ಥಾಲಿಡೋಮೈಡ್ ಕಥೆ ಬರುತ್ತದೆ, ಗರ್ಭಿಣಿಯರು ನುಂಗಿದ್ದರಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ಔಷಧ ಅದು: ಒಂದು ರೂಪ ಔಷಧ, ಇನ್ನೊಂದು ರೂಪ ವಿಷ, ಬೇರ್ಪಡಿಸಿ ಕೊಟ್ಟಿದ್ದರೆ ಆ ಮಕ್ಕಳು ಉಳಿಯುತ್ತಿದ್ದರು ಅಂತ. ಈ ಕಥೆ ಪಾಠಗಳಲ್ಲೂ ಓಡಾಡುತ್ತಿದೆ, ನನಗೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಥಾಲಿಡೋಮೈಡ್‌ನ ಎರಡೂ ರೂಪಗಳು ದೇಹದೊಳಗೆ ಒಂದರಿಂದ ಇನ್ನೊಂದಾಗಿ ಬದಲಾಗುತ್ತವೆ. ಶುದ್ಧ ಮಾಡಿ ನುಂಗಿಸಿದ್ದರೂ ಬೇರೆಯದು ಒಳಗೇ ಹುಟ್ಟುತ್ತಿತ್ತು. ಎರಡನ್ನೂ ಬೇರ್ಪಡಿಸಿ, ಸಾಕಷ್ಟು ಪ್ರಮಾಣದಲ್ಲಿ ಹಿಡಿದು, ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರೆ ತಾನೇ ಇಂಥ ಸತ್ಯ ಹೊರಬರುವುದು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1992ರಲ್ಲಿ ಕೈರಲ್ ಔಷಧಗಳ ಬಗ್ಗೆ ನೀತಿ ಹೊರಡಿಸಿದ ಮೇಲೆ ಈ ಕೆಲಸಕ್ಕೆ ಬೇಡಿಕೆ ಏರಿತು. ಹೊಂದಿಸಿದ ಒಂದೇ ಮಿಶ್ರಣ ಹರಿಯುತ್ತಿರುವಾಗ, ಹಿಂದಿನ ಸ್ಯಾಂಪಲ್ ಇನ್ನೂ ಕಾಲಮ್‌ನೊಳಗೆ ಇರುವಾಗಲೇ ಮುಂದಿನದನ್ನು ಬಿಡುತ್ತಾ ಹೋಗುತ್ತಾರೆ. ಪೀಕ್‌ಗಳು ಒಂದರ ಹಿಂದೊಂದು ಸಂದಿಲ್ಲದೆ ಬರುತ್ತವೆ. ಕೊನೆಗೆ ಆವಿ ಮಾಡಬೇಕಾದದ್ದು 100ರಲ್ಲಿ 20 ಪಾಲು ಮೆಥನಾಲ್ ಮಾತ್ರ. ಉಳಿತಾಯ ಇರುವುದು ಅಲ್ಲಿ.

ಅದಕ್ಕೇ ಇದನ್ನು 'ಹಸಿರು' ತಂತ್ರ ಅನ್ನುವುದು. ಬಳಸುವ ಕಾರ್ಬನ್ ಡೈ ಆಕ್ಸೈಡ್ ಹೊಸದಾಗಿ ಸುಟ್ಟು ಮಾಡಿದ್ದಲ್ಲ, ಅಮೋನಿಯಾ ಕಾರ್ಖಾನೆ, ಹುದುಗು ಬರಿಸುವ ಘಟಕಗಳಲ್ಲಿ ಹೇಗೂ ಹೊರಬರುವುದನ್ನು ಹಿಡಿದಿಟ್ಟದ್ದು. ಸರಿ. ಆದರೆ 'ಕೆಮಿಕಲ್ ಫ್ರೀ' ಎಂದು ಚೀಟಿ ಅಂಟಿಸುವುದು ಶುದ್ಧ ಸುಳ್ಳು. ಕಾರ್ಬನ್ ಡೈ ಆಕ್ಸೈಡ್ ರಾಸಾಯನಿಕವೇ, ಮೆಥನಾಲ್ ವಿಷ. ಮುಚ್ಚಿದ ಕೋಣೆಯಲ್ಲಿ ಈ ಅನಿಲವೂ ಅಪಾಯ. ಆ 40 ಲೀಟರ್ ಲೆಕ್ಕವನ್ನೇ ಮುಂದುವರಿಸಿ. ಗಂಟೆಗೆ 2,400 ಲೀಟರ್, ಅಂದರೆ 2.4 ಘನ ಮೀಟರ್. 5 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ ಗಾಳಿಯಾಡದಿದ್ದರೆ ಒಂದೇ ಗಂಟೆಯಲ್ಲಿ ಶೇಕಡಾ 4ರ ಹತ್ತಿರ. ಎಂಟು ಗಂಟೆಯ ದುಡಿಮೆಗೆ ಒಪ್ಪಿಕೊಂಡಿರುವ ಮಿತಿ ಶೇಕಡಾ 0.5. ಶೇಕಡಾ 4 ಅಂದರೆ ಜೀವಕ್ಕೇ ಕುತ್ತು. ಗಾಳಿಗಿಂತ ಭಾರವಾದ್ದರಿಂದ ನೆಲದ ಕಡೆ ಮೊದಲು ತುಂಬುತ್ತದೆ. ಹಾಗಾಗಿ ಹೊರಹೋಗುವ ಕೊಳವೆ ಕಟ್ಟಡದ ಆಚೆಗೇ ಹೋಗಬೇಕು, ಕೋಣೆಯಲ್ಲಿ ಕಾರ್ಬನ್ ಡೈ ಆಕ್ಸೈಡ್ ಅಲಾರಂ ಇರಲೇಬೇಕು.

ಆ ಕೊಳವೆಯಿಂದ ಇನ್ನೊಂದು ಉಪಯೋಗವೂ ಇದೆ. ಹೊಸ ವಿಧಾನವೊಂದನ್ನು ಶುರು ಮಾಡುವಾಗ ಯಂತ್ರಕ್ಕೆ ಹಾಕಿದ್ದೆಷ್ಟು, ಬಾಟಲಿಗಳಲ್ಲಿ ಸಿಕ್ಕಿದ್ದೆಷ್ಟು ಎಂದು ತೂಗಿ ನೋಡಬೇಕು. ಎರಡೂ ತಾಳೆಯಾಗದಿದ್ದರೆ ಕಾಲಮ್ ಮೇಲೆ ಅನುಮಾನ ಪಡುವ ಮೊದಲು ಆ ಕೊಳವೆ ಬಿಚ್ಚಿ, ಮೆಥನಾಲ್ ಹಾಕಿ ತೊಳೆದು, ತೊಳೆದದ್ದನ್ನು ಆವಿ ಮಾಡಿ ನೋಡಿ. ತಳದಲ್ಲಿ ಬಿಳಿ ಪುಡಿ ಉಳಿದರೆ ಮೇಕಪ್ ಮೆಥನಾಲ್ ಹೆಚ್ಚಿಸಬೇಕು, ಇಲ್ಲವೇ ಸೈಕ್ಲೋನಿನ ಒತ್ತಡ ಏರಿಸಬೇಕು.