ಅಂಚು ಕಟ್ಟುವ ಖರ್ಚು

ಫ್ರೀಜರ್‌ನಲ್ಲಿಟ್ಟು ಮರೆತಿದ್ದ ನೀರಿನ ಬಾಟಲಿ ತೆಗೆದೆ. ನೀರು ಇನ್ನೂ ನೀರೇ! ಕಟ್ಟೆಯ ಮೇಲೆ ಸ್ವಲ್ಪ ಜೋರಾಗಿ ಕುಕ್ಕಿದ್ದೇ ತಡ, ಬಿಳಿ ಸೂಜಿಗಳು ಸರಸರ ಇಳಿದವು. ನೋಡನೋಡುತ್ತಲೇ ಬಾಟಲಿ ತುಂಬ ಐಸಿನ ಗಂಜಿ.

ಸೊನ್ನೆ ಡಿಗ್ರಿಗಿಂತ ಕೆಳಗಿದ್ದರೂ ಅಲ್ಲಿಯವರೆಗೆ ಯಾಕೆ ಸುಮ್ನಿತ್ತು? ಐಸ್ ಆಗುವುದು ನೀರಿಗೆ ಲಾಭವೇ. ಆದರೆ ಹೊಸ ಐಸ್ ಕಣಕ್ಕೆ ಸುತ್ತಲಿನ ನೀರಿನ ಜೊತೆ ಒಂದು ಅಂಚು ಬೇಕು, ಅಂಚು ಕಟ್ಟಲು ಶಕ್ತಿ ಖರ್ಚಾಗುತ್ತದೆ. ಕಣ ಎರಡು ಪಟ್ಟು ಅಗಲವಾದರೆ ಅಂಚಿನ ಖರ್ಚು 4 ಪಟ್ಟು, ಒಡಲಿನ ಲಾಭ 8 ಪಟ್ಟು. ಅಂದರೆ ತೀರಾ ಸಣ್ಣ ಕಣಕ್ಕೆ ಬರೀ ನಷ್ಟ, ಹುಟ್ಟಿದಲ್ಲೇ ಕರಗುತ್ತದೆ. ಒಂದು ಅಳತೆ ದಾಟಿದ್ದು ಮಾತ್ರ ಬೆಳೆಯುತ್ತದೆ. ಧೂಳು ಸಿಕ್ಕರೆ ಖರ್ಚು ಇಳಿಯುತ್ತದೆ, ಮೋಡ ಬಿತ್ತನೆಯಲ್ಲಿ ಸಿಲ್ವರ್ ಅಯೋಡೈಡ್ ಮಾಡುವ ಕೆಲಸವೂ ಇದೇ. ಧೂಳೇ ಇಲ್ಲದ ಸಣ್ಣ ಹನಿಗಳು ಸುಮಾರು ಮೈನಸ್ 38 ಡಿಗ್ರಿಯವರೆಗೂ ನೀರಾಗಿಯೇ ಉಳಿಯಬಲ್ಲವು.

ಈ ಲಾಭ-ನಷ್ಟದ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಹೊರಗಿನಿಂದ ಶಕ್ತಿ ಸುರಿಯುತ್ತಲೇ ಇದ್ದರೆ ವಸ್ತು ಸಮಸ್ಥಿತಿಗೆ, ಅಂದರೆ ಲಾಭ-ನಷ್ಟ ಸರಿದೂಗಿ ನೆಲೆನಿಲ್ಲುವ ಸ್ಥಿತಿಗೆ, ಬರುವುದೇ ಇಲ್ಲ. ಆಗ ಅಂಚು ಹೇಗೆ ಸಾಗುತ್ತದೆ?

ಟೋಕಿಯೋ ವಿಶ್ವವಿದ್ಯಾಲಯದ ಕಝುಮಾಸ ತಾಕೆಉಚಿ ಮತ್ತು ಮಸಾಕಿ ಸಾನೊ 2010ರಲ್ಲಿ ಇದನ್ನು ಕಣ್ಣಾರೆ ನೋಡಿದರು. ಲಿಕ್ವಿಡ್ ಕ್ರಿಸ್ಟಲ್ ಅಂದರೆ ದ್ರವದಂತೆ ಹರಿದರೂ ಅಣುಗಳು ಒಂದೇ ದಿಕ್ಕಿಗೆ ಸಾಲಾಗುವ ವಸ್ತು. ಅದರ ತೆಳು ಪದರಕ್ಕೆ ವೋಲ್ಟೇಜ್ ಕೊಟ್ಟರೆ ಅದು ಕುದಿಯುವ ಸಾರಿನ ಹಾಗೆ ಒಳಗೊಳಗೇ ಕಲಕಾಡುತ್ತದೆ. ಕಲಕಾಟದಲ್ಲೂ ಎರಡು ಬಗೆ. ಒಂದು ಲೇಸರ್ ಪೆಟ್ಟು ಬಿದ್ದರೆ ಸಾಕು, ಎರಡನೇ ಬಗೆಯ ಬೀಜ ಹುಟ್ಟಿ, ಕಪ್ಪು ಕಲೆಯಂತೆ ಹರಡುತ್ತದೆ. ಅದರ ಅಂಚು ದುಂಡಗಿರುವುದಿಲ್ಲ, ಇಲಿ ಕಡಿದ ರೊಟ್ಟಿಯ ಥರ.

ಆ ಅಂಕುಡೊಂಕಿಗೂ ನಿಯಮವಿದೆ! 8 ಪಟ್ಟು ಸಮಯ ಕಳೆದರೆ ಒರಟುತನ 2 ಪಟ್ಟು. ಬೆಳೆಯುವ ಅಂಚುಗಳ ಬಗ್ಗೆ 1986ರಲ್ಲಿ ಭೌತವಿಜ್ಞಾನಿಗಳಾದ ಕರ್ದಾರ್, ಪಾರಿಸಿ, ಝಾಂಗ್ ಬರೆದ ಸಮೀಕರಣ ಹೇಳುವುದೂ ಇದನ್ನೇ. ಅದರಲ್ಲಿ ಲಿಕ್ವಿಡ್ ಕ್ರಿಸ್ಟಲ್‌ನ ಹೆಸರೇ ಇಲ್ಲ. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಮುಂದಿನ ಪ್ರಯೋಗ. ಚುಕ್ಕೆಯ ಬದಲು ಲೇಸರಿನಿಂದ ಉದ್ದ ಗೆರೆ ಎಳೆದು ಶುರುಮಾಡಿದರು. ಒರಟುತನ ಬೆಳೆಯುವ ವೇಗ ಅದೇ. ಆದರೆ ಯಾವ ಅಳತೆಯ ಏರಿಳಿತ ಎಷ್ಟು ಸಲ ಬಂತೆಂದು ಎಣಿಸಿ ಗ್ರಾಫ್ ಹಾಕಿದರೆ, ಆ ಗ್ರಾಫಿನ ಆಕಾರ ಬೇರೆ. ಎಷ್ಟು ಹೊತ್ತು ಬೆಳೆದರೂ, ತಾನು ಹುಟ್ಟಿದ್ದು ಚುಕ್ಕೆಯಿಂದಲೋ ಗೆರೆಯಿಂದಲೋ ಎಂಬುದನ್ನು ಅಂಚು ಮರೆತಿರಲಿಲ್ಲ.