ಎಷ್ಟನೇ ನಿಮಿಷ? ಕ್ಯಾಸೆಟ್‌ನಿಂದ ಎಐ ತನಕ ಕಾಪಿರೈಟ್ ಕೇಸುಗಳು ಬಂದ ದಾರಿ

ಹೋದ ವರ್ಷ ಗುಬ್ಬಿ ಕಡೆಯ ಒಂದು ಊರ ಜಾತ್ರೆಯಲ್ಲಿ ಕುರುಕ್ಷೇತ್ರ ನಾಟಕ ಆಡಿದರು. ನಮ್ಮ ಚಿಕ್ಕಪ್ಪನ ಮಗನದು ಕರ್ಣನ ಪಾರ್ಟು. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ಜಾವದ ತನಕ ನಡೆದ ನಾಟಕವನ್ನು ಪೂರ್ತಿ ಶೂಟ್ ಮಾಡಿಸಿ, ಎರಡು ದಿನ ಬಿಟ್ಟು ಆನ್‌ಲೈನ್‌ಗೆ ಹಾಕಿದ. ಒಂದು ಗಂಟೆಯೂ ಆಗಿರಲಿಲ್ಲ, ಕಾಪಿರೈಟ್ ದೂರು ಬಂದಿದೆ ಅಂತ ಮೆಸೇಜು. ನೋಡಿದರೆ ವಿಡಿಯೋನೇ ಇಲ್ಲ.

ತುಮಕೂರು ಕೋರ್ಟಿನಲ್ಲಿ ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಫೋನ್ ನೋಡಿ ಕೇಳಿದ್ದು ಒಂದೇ ಮಾತು. "ಯಾವ ಪದ್ಯ? ಎಷ್ಟನೇ ನಿಮಿಷ?" ನಮಗೆ ಗೊತ್ತಿರಲಿಲ್ಲ. ದೂರಿನಲ್ಲೂ ಅದು ಇರಲಿಲ್ಲ, ಯಾವುದೋ ಆಡಿಯೋ ಕಂಪನಿಯ ಹೆಸರಷ್ಟೇ ಇತ್ತು.

ಆಮೇಲೆ ನಾನು ಹಳೇ ತೀರ್ಪುಗಳನ್ನು ಒಂದೊಂದಾಗಿ ಓದುತ್ತಾ ಹೋದೆ. ನಮ್ಮ ಜಡ್ಜುಗಳು ಇಷ್ಟು ವರ್ಷ ಸುತ್ತಿ ಸುತ್ತಿ ಬಂದು ನಿಂತಿರುವುದು ಕೂಡ ಹೆಚ್ಚು ಕಡಿಮೆ ಇದೇ ಪ್ರಶ್ನೆಯ ಹತ್ತಿರ.

ನಮ್ಮ ಕಾಪಿರೈಟ್ ಕಾಯ್ದೆ 1957ರದು. ಪುಸ್ತಕ, ಗ್ರಾಮಫೋನ್ ರೆಕಾರ್ಡು, ಸಿನಿಮಾ ರೀಲು, ಇವನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದದ್ದು. ಕ್ಯಾಸೆಟ್ ಬಂದ ಮೇಲೆ ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಪಟ್ಟಿ ಕೊಟ್ಟರೆ ಸಂಜೆಯೊಳಗೆ ತುಂಬಿಸಿಕೊಡುವ ಅಂಗಡಿಗಳು ಎಲ್ಲ ಊರಲ್ಲೂ ಇದ್ದವು, ನೆನಪಿದೆ ಅಲ್ವಾ? 1984ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಕ್ಯಾಸೆಟ್ಟಿನ ಮೇಲೆ ಅದನ್ನು ಮಾಡಿದವರ ಹೆಸರು, ವಿಳಾಸ ಇರಲೇಬೇಕು ಅಂದರು. ಆಗ ಕದ್ದವನಿಗೆ ಒಂದು ಅಂಗಡಿ ಇತ್ತು, ಶಟರ್ ಇತ್ತು, ಪೊಲೀಸರು ಹೋಗಿ ಮಾಲು ಜಪ್ತಿ ಮಾಡಬಹುದಿತ್ತು. ಜಡ್ಜಿಗೂ ಕೆಲಸ ಸುಲಭ, ಎರಡು ಕ್ಯಾಸೆಟ್ ಮುಂದಿಟ್ಟುಕೊಂಡು ಕೇಳಿದರೆ ಆಯಿತು.

ಇಂಟರ್ನೆಟ್ ಬಂದಾಗ ಮೊದಲು ಜಗಳ ಆದದ್ದು ಕಾಪಿರೈಟಿಗಲ್ಲ, ಹೆಸರಿಗೆ. ಸತ್ಯಂ ಇನ್ಫೋವೇ ಕಂಪನಿ ತನ್ನ ಸಿಫಿ ಅನ್ನುವ ಹೆಸರಿನಲ್ಲಿ 1999ರಲ್ಲೇ ವೆಬ್ ವಿಳಾಸ ಮಾಡಿಕೊಂಡಿತ್ತು. ಇನ್ನೊಬ್ಬರು ಇಂಗ್ಲಿಷಿನಲ್ಲಿ ಒಂದು ಅಕ್ಷರ ಜಾಸ್ತಿ ಸೇರಿಸಿ ಅದೇ ಥರದ ವಿಳಾಸ ತೆಗೆದುಕೊಂಡರು. ಕೇಸು ಶುರುವಾದದ್ದು ನಮ್ಮ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಅಲ್ಲಿ ಸ್ಟೇ ಸಿಕ್ಕಿತು, ಹೈಕೋರ್ಟಿನಲ್ಲಿ ಬಿದ್ದುಹೋಯಿತು, 2004ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಎತ್ತಿ ನಿಲ್ಲಿಸಿತು. ವೆಬ್ ವಿಳಾಸದ ಜಗಳ ಹೀಗೆ ಬಗೆಹರಿಸಿ ಅಂತ ಹೇಳುವ ಕಾಯ್ದೆ ಆಗ ಇರಲೇ ಇಲ್ಲ. ಆದರೂ ಕೋರ್ಟು ಹಳೇ ನ್ಯಾಯವನ್ನೇ ಹಚ್ಚಿತು. ಕ್ಯಾತ್ಸಂದ್ರದಲ್ಲಿ ಹೆಸರು ಮಾಡಿದ ತಟ್ಟೆ ಇಡ್ಲಿ ಹೋಟೆಲಿನ ಪಕ್ಕ ಅದೇ ಹೆಸರಿಗೆ ಒಂದಕ್ಷರ ಸೇರಿಸಿ ಬೋರ್ಡು ಹಾಕಿದರೆ ಬಸ್ಸಿಳಿದವರು ಮೋಸ ಹೋಗುವುದಿಲ್ವಾ, ವೆಬ್ ವಿಳಾಸವೂ ಹಾಗೇ ಅನ್ನುವ ಲೆಕ್ಕ. ಈ ತೀರ್ಪು ನನಗೆ ತುಂಬಾ ಇಷ್ಟ. ಹೊಸ ಕಾಯ್ದೆ ಬರಲಿ ಅಂತ ಕೈಕಟ್ಟಿ ಕೂರಲಿಲ್ಲ.

ಅಷ್ಟರಲ್ಲಿ ಕದಿಯುವವರ ಮುಖವೇ ಕಾಣದ ಕಾಲ ಬಂದಿತ್ತು. 2002ರ ಫುಟ್‌ಬಾಲ್ ವಿಶ್ವಕಪ್ ಹೊತ್ತಿಗೆ ಲೈಸೆನ್ಸ್ ಇಲ್ಲದೆ ಪಂದ್ಯ ತೋರಿಸುತ್ತಿದ್ದ ಕೇಬಲ್‌ನವರ ಹೆಸರು ಗೊತ್ತಿಲ್ಲದಿದ್ದರೂ ಅವರ ಮೇಲೆ ದೆಹಲಿ ಹೈಕೋರ್ಟು ಆದೇಶ ಕೊಟ್ಟಿತು. ಇಂಥ ಹೆಸರಿಲ್ಲದ ಪ್ರತಿವಾದಿಯನ್ನು ನಮ್ಮ ಕೋರ್ಟುಗಳಲ್ಲಿ "ಅಶೋಕ್ ಕುಮಾರ್" ಅಂತ ಕರೆಯುತ್ತಾರೆ. ಸಿನಿಮಾದವರಿಗೆ ಇದು ದೊಡ್ಡ ಆಯುಧವಾಯಿತು. ಬಿಡುಗಡೆಗೆ ಮುಂಚೆಯೇ ಆದೇಶ ತಂದು, ಅದನ್ನು ಹಿಡಿದು ಇಡೀ ವೆಬ್‌ಸೈಟುಗಳನ್ನೇ ಮುಚ್ಚಿಸುವುದು ಶುರುವಾಯಿತು. 2012ರಲ್ಲಿ ಮದ್ರಾಸ್ ಹೈಕೋರ್ಟು, ತನ್ನ ಆದೇಶ ಕದ್ದ ಸಿನಿಮಾ ಇರುವ ಆ ಲಿಂಕಿಗೆ ಮಾತ್ರ, ಇಡೀ ತಾಣಕ್ಕಲ್ಲ ಅಂತ ಬಿಡಿಸಿ ಹೇಳಬೇಕಾಯಿತು.

2016ರ ಮೈಸ್ಪೇಸ್ ತೀರ್ಪಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಇದನ್ನೇ ಇನ್ನೂ ಗಟ್ಟಿ ಮಾಡಿತು. ಜನ ತಾವೇ ಹಾಡು ಹಾಕುವ ತಾಣಕ್ಕೆ "ನಿಮ್ಮಲ್ಲಿ ನಮ್ಮ ಹಾಡುಗಳಿವೆ" ಅಂತ ಒಂದು ಉದ್ದ ಪಟ್ಟಿ ಕೊಟ್ಟರೆ ಸಾಲದು, ಯಾವ ಹಾಡು, ಯಾವ ಲಿಂಕು ಅಂತ ತೋರಿಸಬೇಕು. ತೋರಿಸಿದ ಮೇಲೂ ತೆಗೆಯದಿದ್ದರೆ ತಪ್ಪು ತಾಣದ್ದು.

ಆದರೆ ಕದಿಯುವುದಕ್ಕೇ ಹುಟ್ಟಿಕೊಂಡ ತಾಣಗಳಿಗೆ ಈ ನ್ಯಾಯ ಸಾಲಲಿಲ್ಲ. ಅವು ರಕ್ತಬೀಜಾಸುರನ ಥರ, ಒಂದನ್ನು ಮುಚ್ಚಿದರೆ ಅದೇ ಹೆಸರಿಗೆ ಒಂದು ಅಂಕೆ ಸೇರಿಸಿಕೊಂಡು ಹತ್ತು ಏಳುತ್ತವೆ. 2019ರಲ್ಲಿ ದೆಹಲಿ ಹೈಕೋರ್ಟು ಇದಕ್ಕೊಂದು ದಾರಿ ಹುಡುಕಿತು. ಇಡೀ ತಾಣವೇ ಕಳ್ಳಮಾಲಿನದು ಅಂತ ಖಾತ್ರಿಯಾದರೆ, ಅದರ ಹೊಸ ನಕಲು ಎದ್ದಾಗಲೆಲ್ಲ ಹೊಸ ಕೇಸು ಬೇಡ, ಅಫಿಡವಿಟ್ ಹಾಕಿ ಅದೇ ಆದೇಶಕ್ಕೆ ಸೇರಿಸಿಕೊಳ್ಳಬಹುದು. 2023ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ, ಮುಂದೆ ತಯಾರಾಗುವ ಸಿನಿಮಾಗಳಿಗೂ ರಕ್ಷಣೆ ಕೊಟ್ಟಿತು. ಇದರ ಬಗ್ಗೆ ನನಗೆ ಸ್ವಲ್ಪ ಅಂಜಿಕೆ ಇದೆ. ಇಂಥ ಕೇಸುಗಳಲ್ಲಿ ಎದುರು ಪಾರ್ಟಿ ಕೋರ್ಟಿಗೆ ಬರುವುದೇ ಅಪರೂಪ, ಜಡ್ಜಿಗೆ ಕೇಳಿಸುವುದು ಒಂದೇ ಕಡೆಯ ಮಾತು.

ಎರಡೂ ಕಡೆಯವರು ಬಂದರೆ ಏನಾಗುತ್ತದೆ ಅನ್ನುವುದಕ್ಕೆ ಕೋಲಾರದ ಗಣಿಯ ಹೆಸರು ಹೊತ್ತ ಸಿನಿಮಾದ ಕೇಸೇ ಇದೆ. 2022ರ ನವೆಂಬರ್‌ನಲ್ಲಿ ಕೆಜಿಎಫ್ ಚಾಪ್ಟರ್ 2ರ ಹಾಡನ್ನು ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ ಬಳಸಿದ್ದಾರೆ ಅಂತ ಎಂಆರ್‌ಟಿ ಮ್ಯೂಸಿಕ್ ದಾವೆ ಹಾಕಿತು. ಬೆಂಗಳೂರಿನ ಕಮರ್ಷಿಯಲ್ ಕೋರ್ಟು ಕಾಂಗ್ರೆಸ್ಸಿನ ಮತ್ತು ಯಾತ್ರೆಯ ಟ್ವಿಟರ್ ಖಾತೆಗಳನ್ನೇ ಸದ್ಯಕ್ಕೆ ಮುಚ್ಚಿ ಅಂದಿತು. ಮಾರನೇ ದಿನವೇ ಪಕ್ಷದವರು ಹೈಕೋರ್ಟಿಗೆ ಹೋದರು. ಹಾಡಿರುವ ತುಣುಕನ್ನು ತೆಗೆಯಬೇಕು ಅನ್ನುವ ಷರತ್ತು ಹಾಕಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಹಾಡಿನವರ ಹಕ್ಕೂ ಉಳಿಯಿತು, ಖಾತೆಯೂ ಉಳಿಯಿತು. ತಪ್ಪು ಒಂದು ತುಣುಕಿನಲ್ಲಿದ್ದರೆ ಕತ್ತರಿ ಬೀಳಬೇಕಾದದ್ದೂ ಅಲ್ಲಿಗೇ.

ನಮ್ಮ ಹುಡುಗನ ಕಷ್ಟವೂ ಇದೇ. ಪ್ರಶ್ನೆ ಕೇಳಬೇಕಾದ ಜಡ್ಜು ಅವನ ದಾರಿಯಲ್ಲಿ ಇರಲೇ ಇಲ್ಲ. ವಿಡಿಯೋ ತಾಣದ ಮೆಷಿನ್ ಕೇಳಿಸಿಕೊಂಡಿತು, ಮೆಷಿನ್ನೇ ತೀರ್ಮಾನ ಮಾಡಿತು. ಕಾಯ್ದೆಯಲ್ಲಿ ಅವನಿಗೆ ಏನೂ ಇಲ್ಲ ಅಂತಲ್ಲ. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ ನಾಟಕ ಆಡಿದರೆ ಅದು ಉಲ್ಲಂಘನೆ ಅಲ್ಲ ಅಂತ 52ನೇ ಸೆಕ್ಷನ್ನಿನಲ್ಲೇ ಇದೆ. ಆದರೆ ಅದು ರಂಗದ ಮೇಲೆ ಆಡುವುದಕ್ಕೆ, ಆಡಿದ್ದನ್ನು ಆನ್‌ಲೈನ್‌ಗೆ ಹಾಕುವುದು ಬೇರೆ ಪ್ರಶ್ನೆ. 2012ರ ತಿದ್ದುಪಡಿಯಲ್ಲಿ ಅದೇ ಸೆಕ್ಷನ್ನಿಗೆ ಇನ್ನೊಂದು ಮಾತು ಸೇರಿತು. ಲಿಂಕು ಅಥವಾ ಪ್ರವೇಶ ಒದಗಿಸಲು ತಾತ್ಕಾಲಿಕವಾಗಿ ಇಟ್ಟುಕೊಂಡದ್ದರ ಮೇಲೆ ಲಿಖಿತ ದೂರು ಬಂದರೆ ತಾಣದವರು 21 ದಿನ ಅದನ್ನು ತಡೆಹಿಡಿಯಬೇಕು, ಅಷ್ಟರೊಳಗೆ ದೂರು ಕೊಟ್ಟವರು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ಬಿಡಬಹುದು. ಹುರುಳಿಲ್ಲದೆ ಸುಮ್ನೆ ಹೆದರಿಸಿದರೆ ಹೆದರಿಸಿದವರ ಮೇಲೇ ದಾವೆ ಹಾಕಲು 60ನೇ ಸೆಕ್ಷನ್ ಇದೆ. ಹಳ್ಳಿ ಕಲಾವಿದರಲ್ಲಿ ಎಷ್ಟು ಜನರಿಗೆ ಇದು ಗೊತ್ತು? ದೂರು ಬಂದ ತಕ್ಷಣ ವಿಡಿಯೋ ಡಿಲೀಟ್ ಮಾಡಿ ಕೂರುತ್ತಾರೆ. ಅದು ನನಗೆ ಸಂಕಟ.

ಈಗ ಎಐ ಬಂದಿದೆ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವ ತಾಣಗಳಿಗೆ ಬಾಂಬೆ ಹೈಕೋರ್ಟು ತಡೆ ಹಾಕಿತು. ಯಾವುದೋ ಒಂದು ಹಾಡು ಕದ್ದರು ಅಂತಲ್ಲ, ದನಿಯೇ ಅವರದು ಅಂತ. ಅದೇ ನವೆಂಬರ್‌ನಲ್ಲಿ ಸುದ್ದಿಸಂಸ್ಥೆ ಎಎನ್ಐ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯ ಮೇಲೆ ದೆಹಲಿ ಹೈಕೋರ್ಟಿಗೆ ಹೋಯಿತು. ಮೆಷಿನ್ನಿಗೆ ಕಲಿಸಲು ಸುದ್ದಿಯನ್ನು ಇಟ್ಟುಕೊಂಡರೆ ಅದು ನಕಲು ಮಾಡಿದ ಹಾಗಾಗುತ್ತದಾ, ಸರ್ವರ್ ಪರದೇಶದಲ್ಲಿದ್ದರೆ ಇಲ್ಲಿನ ಕೋರ್ಟು ವಿಚಾರಿಸಬಹುದೇ ಅನ್ನುವುದೂ ಸೇರಿ ನಾಲ್ಕು ಪ್ರಶ್ನೆಗಳನ್ನು ಜಡ್ಜು ಗುರುತು ಹಾಕಿಕೊಂಡರು, ಸಲಹೆಗೆ ಇಬ್ಬರು ತಜ್ಞರನ್ನು ನೇಮಿಸಿದರು. ಲಕ್ಷಗಟ್ಟಲೆ ಬರಹ ಓದಿಸಿ ಅರೆದು ಒಂದು ಮಾಡಿದ ಮೇಲೆ ಎಷ್ಟನೇ ನಿಮಿಷ ಅಂತ ಕೇಳಿದರೆ ಬೆರಳು ಇಟ್ಟು ತೋರಿಸಲು ಜಾಗವೇ ಇಲ್ಲ. ಇಷ್ಟು ವರ್ಷ ಕೈಹಿಡಿದ ಪ್ರಶ್ನೆ ತಡವರಿಸುತ್ತಿರುವುದು ಇಲ್ಲೇ.

ನಮ್ಮ ಹುಡುಗ ಹಾರ್ಮೋನಿಯಂ ಮೇಷ್ಟ್ರನ್ನು ಮನೆಗೆ ಕರೆದು, ಪೆನ್‌ಡ್ರೈವ್ ಹಾಕಿ, ಇಡೀ ನಾಟಕ ಮತ್ತೆ ನೋಡಿದ. ಜಗಳದ ಪದ್ಯ ಸಿಕ್ಕಿದ್ದು 2 ಗಂಟೆ 14ನೇ ನಿಮಿಷದಲ್ಲಿ. ಮೇಷ್ಟ್ರು ಅಲ್ಲೇ ಪೆಟ್ಟಿಗೆ ಎಳೆದುಕೊಂಡು ಆ ಮಟ್ಟನ್ನು ನುಡಿಸಿ, ಇದು ನಮ್ಮ ಗುರುಗಳು ಹೇಳಿಕೊಟ್ಟದ್ದಪ್ಪ, ಕ್ಯಾಸೆಟ್ಟಿಗಿಂತ ಹಳೇದು ಅಂದರು. ಅದನ್ನೇ ಬರೆದು ಕಳಿಸಿದ. ಕಂಪನಿಯವರಿಂದ ಮತ್ತೆ ಮಾತಿಲ್ಲ, ಸುಮಾರು ಒಂದು ತಿಂಗಳಿಗೆ ವಿಡಿಯೋ ವಾಪಸ್ ಬಂತು. ಈ ಸಲದ ಜಾತ್ರೆಯ ಕರಪತ್ರದಲ್ಲಿ ಪಾತ್ರಧಾರಿಗಳ ಹೆಸರುಗಳ ಕೆಳಗೆ, ಯಾವ ಪದ್ಯದ ಮಟ್ಟು ಯಾರಿಂದ ಬಂದದ್ದು ಅಂತ ಆರು ಸಾಲು ಹೊಸದಾಗಿ ಅಚ್ಚು ಹಾಕಿಸಿದ್ದಾರೆ.